ಬಡಿಸಿದ ಎಲೆಯೇ? ಹ್ಯೂಗೊ ಸಾಂಚೆಜ್ ಬಗ್ಗೆ ಒಂದು ಆಕ್ಷೇಪಕ್ಕೆ ಉತ್ತರ

(ಪತ್ರದ ಸಾರ: ಕಳೆದ ಸಂಚಿಕೆಯ ಶ್ರೇಷ್ಠ ಸ್ಟ್ರೈಕರ್‌ಗಳ ಪಟ್ಟಿಯಲ್ಲಿ ಮೆಕ್ಸಿಕೊದ ಹ್ಯೂಗೊ ಸಾಂಚೆಜ್ ಅವರನ್ನು ಸೇರಿಸಿದ್ದು ಸರಿಯಲ್ಲ. ವಿಶ್ವಕಪ್‌ನಲ್ಲಿ ಅವರದು ಒಂದೇ ಗೋಲು. ರಿಯಲ್ ಮ್ಯಾಡ್ರಿಡ್‌ನಲ್ಲಿ ಸಹ ಆಟಗಾರರು ಬಡಿಸಿಟ್ಟ ಎಲೆಯ ಮುಂದೆ ಕುಳಿತು ಉಂಡವರು ಅವರು. ಈಗ ಚಾಂಪಿಯನ್ಸ್ ಲೀಗ್ ಎನ್ನುವ ಯುರೋಪಿಯನ್ ಕಪ್ ಗೆಲ್ಲಲಿಲ್ಲ. ಕೊನೆಗೆ ಕ್ಲಬ್‌ನಿಂದ ಕ್ಲಬ್‌ಗೆ ಅಲೆದು ನಿವೃತ್ತರಾದರು. — ದಾವಣಗೆರೆಯ ಓದುಗರೊಬ್ಬರು)

ಮಾನ್ಯರೇ,

ನಿಮ್ಮ ನಾಲ್ಕು ಪುಟಗಳನ್ನು ನಾಲ್ಕು ಸಾಲಿಗೆ ಇಳಿಸಿದ್ದೇವೆ, ಕ್ಷಮೆಯಿರಲಿ. ಸಂಪಾದಕರಿಗೆ ಬಿದ್ದ ಬೈಗುಳದ ಭಾಗ ಚೆನ್ನಾಗಿಯೇ ಇತ್ತು, ಆದರೆ ಜಾಗ ಸಾಲಲಿಲ್ಲ.

ವಿಶ್ವಕಪ್ ವಿಷಯವನ್ನು ಮೊದಲು ಮುಗಿಸುತ್ತೇನೆ. 1978ರಲ್ಲಿ ಅವರಿಗೆ 19 ವರ್ಷ. 1982ಕ್ಕೆ ಮೆಕ್ಸಿಕೊ ಅರ್ಹತೆಯನ್ನೇ ಪಡೆಯಲಿಲ್ಲ. ಕಿರಿಯರ ತಂಡದಲ್ಲಿ ವಯಸ್ಸು ಮೀರಿದವರನ್ನು ಆಡಿಸಿದ ತಪ್ಪಿಗೆ ನಿಷೇಧ ಬಿದ್ದು 1990ರ ಕೂಟವೂ ತಪ್ಪಿತು. ಆ ವರ್ಷವೇ ಸಾಂಚೆಜ್ ತಮ್ಮ ಆಟದ ತುತ್ತತುದಿಯಲ್ಲಿದ್ದರು. ತವರಿನಲ್ಲಿ ನಡೆದ 1986ರ ಕೂಟದಲ್ಲಿ ಪರಾಗ್ವೆ ವಿರುದ್ಧ ಪೆನಾಲ್ಟಿ ಕೈಚೆಲ್ಲಿದ್ದು ನಿಜ, ಅದನ್ನು ಯಾರೂ ಮುಚ್ಚಿಡುತ್ತಿಲ್ಲ. ಆದರೆ ಅಂಥವರನ್ನು ಅಳೆಯಬೇಕಾದದ್ದು ಕ್ಲಬ್ ಆಟದಿಂದ ತಾನೇ?

ಈಗ ಎಲೆಯ ಮಾತಿಗೆ ಬರೋಣ. ಸಾಂಚೆಜ್ ಸ್ಪೇನ್‌ಗೆ ಬಂದದ್ದು 1981ರಲ್ಲಿ, ಅದೂ ರಿಯಲ್‌ಗೆ ಅಲ್ಲ, ಅದೇ ಊರಿನ ಎದುರಾಳಿ ಅಟ್ಲೆಟಿಕೊ ಮ್ಯಾಡ್ರಿಡ್‌ಗೆ. ಅದಕ್ಕೂ ಮುಂಚೆ ಮೆಕ್ಸಿಕೊದ ರಾಷ್ಟ್ರೀಯ ವಿಶ್ವವಿದ್ಯಾಲಯದ ಪೂಮಾಸ್ ತಂಡದಲ್ಲಿ ಆಡಿ ಎರಡು ಲೀಗ್ ಪ್ರಶಸ್ತಿ ಗೆದ್ದಿದ್ದರು, ಅದೇ ವಿಶ್ವವಿದ್ಯಾಲಯದಲ್ಲಿ ದಂತವೈದ್ಯಕೀಯವನ್ನೂ ಓದಿದ್ದರು. ಮ್ಯಾಡ್ರಿಡ್‌ನಲ್ಲಿ ಮೊದಲ ವರ್ಷ ಲೀಗ್‌ನಲ್ಲಿ ದಕ್ಕಿದ್ದು 8 ಗೋಲು ಮಾತ್ರ. ಸ್ಪೇನ್‌ನ ಗ್ಯಾಲರಿಗಳಿಂದ ಅವರ ಮೂಲವನ್ನು ಹೀಗಳೆಯುವ ಕೂಗುಗಳೂ ಬರುತ್ತಿದ್ದವು. ಮುಂದಿನ ಮೂರು ವರ್ಷಗಳ ಲೆಕ್ಕ 15, 12, 19. ಕೊನೆಯ ಆ 19 ಗೋಲುಗಳಿಂದ 1984-85ರ ಲೀಗ್‌ನಲ್ಲಿ ಅತಿ ಹೆಚ್ಚು ಗೋಲು ಹೊಡೆದವರಾದರು. ಅದೇ ವರ್ಷದ ಕಿಂಗ್ಸ್ ಕಪ್ ಫೈನಲ್‌ನಲ್ಲಿ ಅಟ್ಲೆಟಿಕೊ ತಂಡ ಅಥ್ಲೆಟಿಕ್ ಬಿಲ್ಬಾವೊವನ್ನು 2-1ರಿಂದ ಸೋಲಿಸಿತು. ಎರಡೂ ಗೋಲು ಇವರದೇ. ಅಲ್ಲಿ ಬಡಿಸಲು ಬುಟ್ರಗೇನ್ಯೊ ಇರಲಿಲ್ಲ, ಮಿಚೆಲ್ ಇರಲಿಲ್ಲ. ಅವರಿಬ್ಬರೂ ಆಗ ಎದುರಾಳಿ ರಿಯಲ್ ಪಾಳಯದಲ್ಲಿದ್ದರು.

ನೆರೆಯ ವೈರಿಗೆ ನೇರವಾಗಿ ಮಾರಿದರೆ ಅಭಿಮಾನಿಗಳು ಸುಮ್ಮನಿರುವುದಿಲ್ಲ ಎಂದು ಅಟ್ಲೆಟಿಕೊ ಅವರನ್ನು ಕಾಗದದ ಮೇಲೆ ಪೂಮಾಸ್‌ಗೆ ಕಳಿಸಿತು, ರಿಯಲ್ ಅಲ್ಲಿಂದ ಕೊಂಡಿತು. ಈ ನಾಟಕವನ್ನು ಯಾರೂ ನಂಬಿರಲಾರರು. ನಂತರದ್ದು ನಿಮಗೆ ಗೊತ್ತಿರುವುದೇ: ಸತತ ಐದು ಲೀಗ್ ಪ್ರಶಸ್ತಿ, 1986ರ ಯುಇಎಫ್‌ಎ ಕಪ್, ಮತ್ತು 1989-90ರ ಆ 38 ಗೋಲು. ಟೆಲ್ಮೊ ಝಾರಾ ಅವರ 1950-51ರ ದಾಖಲೆಯನ್ನು ಸರಿಗಟ್ಟಿದ ಅಷ್ಟೂ ಗೋಲುಗಳು ಒಂದೇ ಸ್ಪರ್ಶದವು. ಪೆನಾಲ್ಟಿಯೂ ಫ್ರೀಕಿಕ್ಕೂ ಹೇಗಿದ್ದರೂ ಒಂದೇ ಸ್ಪರ್ಶ, ಅವನ್ನು ಕಳೆದುಬಿಡಿ. ಉಳಿದವನ್ನು ನೀವು ‘ಸುಲಭದ ಗೋಲು’ ಎನ್ನುತ್ತೀರಿ. ನಮ್ಮ ತಕರಾರು ಇಲ್ಲೇ. ಚೆಂಡನ್ನು ನಿಲ್ಲಿಸದೆ ಹೊಡೆಯುವವನು ಅದು ಬೀಳುವ ಜಾಗವನ್ನು ಡಿಫೆಂಡರ್‌ಗಿಂತ ಮೊದಲೇ ಊಹಿಸಿರಬೇಕು. ಅವನ ಬೆನ್ನ ಹಿಂದಿನಿಂದ ನುಗ್ಗಿ, ಎರಡು ಹೆಜ್ಜೆ ಮುಂದಿದ್ದು, ಮೈಯನ್ನು ತಿರುಗಿಸಿಟ್ಟಿರಬೇಕು. ಟಿವಿಯಲ್ಲಿ ಕಾಣುವುದು ಕೊನೆಯ ತಟ್ಟು ಮಾತ್ರ. 1988ರ ಏಪ್ರಿಲ್‌ನಲ್ಲಿ ಲೊಗ್ರೊನ್ಯೆಸ್ ವಿರುದ್ಧ ಎಡಗಡೆಯಿಂದ ಬಂದ ಮಾರ್ಟಿನ್ ವಾಸ್ಕೆಸ್ ಕ್ರಾಸನ್ನು ಗಾಳಿಯಲ್ಲಿ ತಲೆಕೆಳಗಾಗಿ ಹೊಡೆದ ಗೋಲೂ ಒಂದೇ ಸ್ಪರ್ಶದ್ದು. ಅದನ್ನೂ ಸುಲಭ ಎನ್ನುತ್ತೀರಾ? (ಗೋಲು ಹೊಡೆದ ನಂತರ ಅವರು ಹಾಕುತ್ತಿದ್ದ ಲಾಗದ ಬಗ್ಗೆ ಕೇಳಿದ್ದೀರಿ. ಅವರ ಅಕ್ಕ 1976ರ ಮಾಂಟ್ರಿಯಲ್ ಒಲಿಂಪಿಕ್ಸ್‌ನಲ್ಲಿ ಭಾಗವಹಿಸಿದ ಜಿಮ್ನಾಸ್ಟ್, ಕಲಿತದ್ದು ಮನೆಯಲ್ಲೇ.)

ಇನ್ನೂ ಒಂದು ಲೆಕ್ಕ ನೋಡಿ. 1990-91ರಲ್ಲಿ ಸಾಂಚೆಜ್ 12 ಗೋಲಿಗೆ ಕುಸಿದರು. ವಾಸ್ಕೆಸ್ ಇಟಲಿಗೆ ಹೋಗಿದ್ದರು, ನಿಜ. ಆದರೆ ಮಿಚೆಲ್ ಇದ್ದರು, ಬುಟ್ರಗೇನ್ಯೊ ಇದ್ದರು. ಲೀಗ್‌ನಲ್ಲಿ ಅತಿ ಹೆಚ್ಚು ಗೋಲು ಹೊಡೆದದ್ದೂ ಬುಟ್ರಗೇನ್ಯೊ ಅವರೇ. ಎಷ್ಟು? 19. ಹಿಂದಿನ ವರ್ಷ ಸಾಂಚೆಜ್ ಹೊಡೆದದ್ದರ ಸರಿಯಾಗಿ ಅರ್ಧ. ರಿಯಲ್ ಮೂರನೇ ಸ್ಥಾನಕ್ಕೆ ಜಾರಿತು. ಎಲೆ ಹಾಸಿದ್ದೇ ಇತ್ತು, ಉಣ್ಣುವವರು ಸಿಗಲಿಲ್ಲ.

‘ಅಲೆದಾಟ’ದ ಬಗ್ಗೆ: ಮೆಕ್ಸಿಕೊದ ‘ಅಮೆರಿಕಾ’ ಮತ್ತು ಅಟ್ಲಾಂಟೆ ಕ್ಲಬ್‌ಗಳು, ಆಸ್ಟ್ರಿಯಾದ ಲಿನ್ಜ್, ಅಮೆರಿಕ ದೇಶದ ಡಲ್ಲಾಸ್, ಮತ್ತೆ ಮೆಕ್ಸಿಕೊದ ಸೆಲಾಯಾ. ಇವುಗಳಲ್ಲಿ ಹೆಚ್ಚಿನವು ಹೆಸರಿನ ಬೆಲೆಗೆ ಸಿಕ್ಕ ಒಪ್ಪಂದಗಳು ಎನ್ನಿ, ನಾವು ಜಗಳಕ್ಕೆ ಬರುವುದಿಲ್ಲ. ಆದರೆ 1993-94ರ ರಾಯೊ ವಯ್ಯೆಕಾನೊವನ್ನು ಆ ಸಾಲಿಗೆ ಸೇರಿಸಬೇಡಿ. ಮ್ಯಾಡ್ರಿಡ್‌ನ ಕಾರ್ಮಿಕರ ಬಡಾವಣೆಯ ಬಡ ಕ್ಲಬ್ ಅದು. 35 ವಯಸ್ಸಿನಲ್ಲಿ 29 ಲೀಗ್ ಪಂದ್ಯಗಳಿಂದ 16 ಗೋಲು ಹೊಡೆದರು. ಆದರೂ ತಂಡ ಕಾಂಪೊಸ್ಟೆಲಾ ವಿರುದ್ಧ ಪ್ಲೇಆಫ್ ಸೋತು ಕೆಳಗಿನ ದರ್ಜೆಗೆ ಇಳಿಯಿತು. ಸ್ಪೇನ್ ಲೀಗ್‌ನಲ್ಲಿ ಅವರ ಒಟ್ಟು ಲೆಕ್ಕ 347 ಪಂದ್ಯ, 234 ಗೋಲು. ಅದರಲ್ಲಿ 70 ಗೋಲುಗಳು ರಿಯಲ್‌ನ ಹೊರಗಿನವು.

ಯುರೋಪಿಯನ್ ಕಪ್ ವಿಷಯದಲ್ಲಿ ಮಾತ್ರ ನಿಮ್ಮದೇ ಸರಿ. ಸತತ ಮೂರು ವರ್ಷ ಸೆಮಿಫೈನಲ್‌ನಲ್ಲೇ ಮುಗ್ಗರಿಸಿದರು. 1987ರಲ್ಲಿ ಬಯರ್ನ್, 1988ರಲ್ಲಿ ಪಿಎಸ್‌ವಿ, 1989ರಲ್ಲಿ ಮಿಲಾನ್. ಪಿಎಸ್‌ವಿ ವಿರುದ್ಧ ಎರಡೂ ಪಂದ್ಯ ಡ್ರಾ ಆಗಿ, ಎದುರಾಳಿ ಹೊರ ಅಂಗಳದಲ್ಲಿ ಹೊಡೆದ ಗೋಲಿಗೆ ಆಗ ಇದ್ದ ಹೆಚ್ಚಿನ ಬೆಲೆಯಿಂದ ಹೊರಬಿದ್ದದ್ದನ್ನು ದುರದೃಷ್ಟ ಎನ್ನಬಹುದು. ಮಿಲಾನ್‌ನಲ್ಲಿ 5-0 ಸೋತದ್ದನ್ನು ಹಾಗೆನ್ನಲು ನನಗೂ ಬಾಯಿ ಬರುವುದಿಲ್ಲ.

— ಸಂಪಾದಕ