ದೇವರಾಯನದುರ್ಗದ ಹೆಸರು ಮತ್ತು ನದಿಗಳ ಬಗ್ಗೆ

ತುಮಕೂರಿನ ಹತ್ತಿರದ ಬೆಟ್ಟ ದೇವರಾಯನದುರ್ಗಕ್ಕೆ ಆ ಹೆಸರು ವಿಜಯನಗರದ ದೇವರಾಯನಿಂದ ಬಂತಾ ಅಂತ ಕೇಳಿದ್ದೀರಿ. ಅಲ್ಲ. ಮೈಸೂರಿನ ಚಿಕ್ಕದೇವರಾಜ ಒಡೆಯರು (1673–1704) ಈ ದುರ್ಗವನ್ನು ಗೆದ್ದ ಮೇಲೆ ಬಂದ ಹೆಸರು ಇದು. ಅದಕ್ಕೂ ಮುಂಚೆ ಜಡಕ ಅನ್ನೋ ಪಾಳೇಗಾರನಿಂದ ಜಡಕನದುರ್ಗ. ಇನ್ನೂ ಹಿಂದೆ ಆನೆಬಿದ್ದಜರಿ ಅಂತಿತ್ತು. ಜರಿ ಅಂದರೆ ಕಡಿದಾದ ಇಳಿಜಾರು. ಘಾಟಿ ರಸ್ತೆ ಹತ್ತುವಾಗ ಒಮ್ಮೆ ಕೆಳಗೆ ನೋಡಿ, ಆ ಹೆಸರು ಸುಮ್ನೆ ಇಟ್ಟಿದ್ದಲ್ಲ ಅಂತ ಗೊತ್ತಾಗುತ್ತೆ.

ಜಯಮಂಗಲಿ ನದಿ ಇಲ್ಲೇ ಹುಟ್ಟುತ್ತಾ ಅಂದಿರಿ. ಹೌದು, ಜೊತೆಗೆ ಶಿಂಷಾ ಕೂಡ! ನನಗೆ ಜಾಸ್ತಿ ಇಷ್ಟವಾಗೋದು ಇದೇ ಸಂಗತಿ. ಶಿಂಷಾ ದಕ್ಷಿಣಕ್ಕೆ ಹರಿದು, ಮದ್ದೂರು ದಾಟಿ ಕಾವೇರಿ ಸೇರುತ್ತದೆ. ಜಯಮಂಗಲಿ ಉತ್ತರಕ್ಕೆ ತಿರುಗಿ, ಕೊರಟಗೆರೆ, ಮಧುಗಿರಿ ಕಡೆಯಿಂದ ಹೋಗಿ ಉತ್ತರ ಪಿನಾಕಿನಿ (ಪೆನ್ನಾರ್) ನದಿ ಸೇರುತ್ತದೆ. ಅಂದರೆ ಒಂದೇ ಬೆಟ್ಟದ ಸಾಲಿನ ಮೇಲೆ ಬಿದ್ದ ಮಳೆ ಎರಡು ದಾರಿ ಹಿಡಿದು ಸಮುದ್ರಕ್ಕೆ ಹೋಗುತ್ತೆ, ಎಷ್ಟು ಚಂದ ಅಲ್ವಾ?

ಊರು ಚಿಕ್ಕದು. ಊರಲ್ಲಿ ಭೋಗ ನರಸಿಂಹನ ಗುಡಿ, ಮೇಲೆ ಬೆಟ್ಟದಲ್ಲಿ ಯೋಗ ನರಸಿಂಹನ ಗುಡಿ. ತುಮಕೂರಿನಿಂದ ಬರೋ ದಾರಿಯಲ್ಲೇ ನಾಮದ ಚಿಲುಮೆ ಸಿಗುತ್ತೆ. ನಾಮ ತೇಯಲು ನೀರಿಲ್ಲದೆ ರಾಮ ಬಂಡೆಗೆ ಬಾಣ ಬಿಟ್ಟು ನೀರು ಚಿಮ್ಮಿಸಿದ ಜಾಗ ಅಂತ ಹಿರಿಯರು ಹೇಳುತ್ತಾರೆ. ಮಳೆಗಾಲ ಮುಗಿಯುತ್ತಿದ್ದಂತೆ ಬನ್ನಿ, ಬೆಟ್ಟ ಪೂರ್ತಿ ಹಸಿರಾಗಿರುತ್ತದೆ.