ಓಪನ್ ಸೋರ್ಸ್ ಪ್ರಾಜೆಕ್ಟಿನ ಬಗ್ ಟ್ರ್ಯಾಕರ್ ಬದಲಾಯಿಸಬೇಕು. ಗಿಟ್‌ಹಬ್, ಗಿಟ್‌ಲ್ಯಾಬ್, ರೆಡ್‌ಮೈನ್: ಯಾವುದಕ್ಕೆ ಹೋಗಲಿ?

ನೀವು ಬರೆದದ್ದು: ತಂಡದಲ್ಲಿ ನಾಲ್ಕು ಜನ, 400 ಬಗ್ (ಸಾಫ್ಟ್‌ವೇರಿನ ದೋಷ), ಅವನ್ನು ನಂಬರ್ ಹಾಕಿ ಇಡುವ ಹಳೆಯ ಟ್ರ್ಯಾಕರ್ ಮ್ಯಾಂಟಿಸ್, ಜೊತೆಗೆ "ಹೊಸ ಟ್ರ್ಯಾಕರಿಗೆ ಹೋದರೆ ಹೊಸಬರು ಬರುತ್ತಾರೆ" ಎನ್ನುವ ಆಸೆ. ಇದು ನಿಮ್ಮ ಪ್ರಶ್ನೆಯೋ, 2019ರ ನನ್ನ ಡೈರಿಯೋ ಎಂದು ಅನುಮಾನ ಬಂತು.

ನಮ್ಮದು ಸಣ್ಣ ಪ್ರಾಜೆಕ್ಟ್. ನುಡಿ, ಬರಹದ ಹಳೆಯ ಫಾಂಟುಗಳಲ್ಲಿ ಟೈಪ್ ಮಾಡಿದ ಕನ್ನಡವನ್ನು ಯುನಿಕೋಡಿಗೆ ತರುವ ಕನ್ವರ್ಟರ್. ಕೋಡ್ ಬರೆಯುತ್ತಿದ್ದವರು ತುಮಕೂರಿನ ಮೂವರು, ಗುಬ್ಬಿಯ ಒಬ್ಬ. ಗುಬ್ಬಿ ಎಂದರೆ ಇಲ್ಲಿ ಊರು. ಅದೇ ಹೆಸರಿನ ಕನ್ನಡ ಫಾಂಟೂ ಇದೆ. "ಗುಬ್ಬಿ ಇವತ್ತು ಕೈಕೊಟ್ಟಿತು" ಎಂದು ಯಾರಾದರೂ ಮೆಸೇಜ್ ಹಾಕಿದರೆ ಬೈದದ್ದು ಫಾಂಟಿಗೋ ನಮ್ಮ ಹುಡುಗನಿಗೋ ಗೊತ್ತಾಗುತ್ತಿರಲಿಲ್ಲ.

ಬಳಸುತ್ತಿದ್ದವರಲ್ಲಿ ಸಾಫ್ಟ್‌ವೇರಿನವರು ಒಬ್ಬರೂ ಇರಲಿಲ್ಲ. ಅಶೋಕ ರಸ್ತೆಯ ಹಿಂದಿನ ಗಲ್ಲಿಯ ಒಂದು ಪ್ರೆಸ್ಸು, ಮಧುಗಿರಿಯ ಒಬ್ಬ ಮೇಷ್ಟ್ರು, ಶಿರಾದ ಒಂದು ಡಿಟಿಪಿ ಅಂಗಡಿ, ಇಂಥವರು. ಪ್ರೆಸ್ಸಿನ ಯಜಮಾನರ ಹತ್ತಿರ ಒಂದು ಉದ್ದ ನೋಟ್ ಪುಸ್ತಕ ಇತ್ತು. ಮ್ಯಾಂಟಿಸ್ ಕೊಟ್ಟ ಬಗ್ ನಂಬರನ್ನು ಅದರಲ್ಲಿ ಬರೆದುಕೊಂಡು, ಪಕ್ಕದಲ್ಲಿ ಏನು ತೊಂದರೆ ಎಂದು ಒಂದು ಸಾಲು ಹಾಕುತ್ತಿದ್ದರು. ಮ್ಯಾಂಟಿಸ್ ನಂಬರನ್ನು ಏಳಂಕಿ ಮಾಡಿ ತೋರಿಸುತ್ತದೆ: 0000218. ಅವರು ಸೊನ್ನೆಗಳನ್ನೂ ಬಿಡದೆ ಬರೆಯುತ್ತಿದ್ದರು. ಫೋನ್ ಮಾಡಿದರೆ ಮಾತ್ರ ಚುಟುಕು: "ಇನ್ನೂರ ಹದಿನೆಂಟು ಏನಾಯ್ತಪ್ಪಾ?"

ಆ 218 ಏನೆಂದು ಹೇಳಬೇಕು. ಕಥೆಯೆಲ್ಲಾ ಅದರ ಮೇಲೇ ನಿಂತಿದೆ.

ನುಡಿಯ ಹಳೆಯ ಫಾಂಟಿನಲ್ಲಿ ಕಂಪ್ಯೂಟರಿಗೆ ಕನ್ನಡ ಗೊತ್ತಿರುವುದಿಲ್ಲ. ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ತುಂಡುಗಳನ್ನು ಕೂರಿಸಿದ್ದಾರೆ, ಅಷ್ಟೇ. ‘ಕ’ ಎಂದರೆ ಒಳಗೆ ‘ಪಿ’ ಮತ್ತು ಒಂದು ಗೀಟಿನ ‘ಎ’. ಅರ್ಕಾವತ್ತಿನ ಜಾಗದಲ್ಲಿ ಐಸ್‌ಲ್ಯಾಂಡಿನವರ ಒಂದು ಅಕ್ಷರ ಕೂತಿದೆ. ಕಣ್ಣಿಗೆ ಕಾಣುವ ಕ್ರಮದಲ್ಲೇ ಟೈಪ್ ಆಗುವುದರಿಂದ ಅರ್ಕಾವತ್ತು ಅಕ್ಷರದ ನಂತರ ಬರುತ್ತದೆ. ಯುನಿಕೋಡಿನಲ್ಲಿ ಉಚ್ಚಾರದ ಕ್ರಮ. ಅಲ್ಲಿ ‘ರ್’ ಮೊದಲು ಬರಬೇಕು. ಅಂದರೆ ಕನ್ವರ್ಟರ್ ಆ ‘ರ್’ ಅನ್ನು ಎತ್ತಿ ಒಂದು ಅಕ್ಷರ ಹಿಂದಕ್ಕೆ ಇಡಬೇಕು. ಹಿಂದಿನದು ಒಂಟಿ ಅಕ್ಷರವಾದರೆ ನಮ್ಮದು ಸರಿಯಾಗಿ ಇಡುತ್ತಿತ್ತು. ತರ್ಕ, ಅರ್ಥ ಎಲ್ಲಾ ಸರಿ. ದೀರ್ಘವೋ ಒತ್ತೋ ಸೇರಿಕೊಂಡರೆ ಕೈಬಿಡುತ್ತಿತ್ತು. ಆಗ ‘ಕರ್ನಾಟಕ’ ಹೋಗಿ ‘ಕನಾರ್ಟಕ’ ಆಗುತ್ತಿತ್ತು. ಇಂಟರ್‌ನೆಟ್ಟಿನಲ್ಲಿ ಈ ‘ಕನಾರ್ಟಕ’, ‘ನಿಮಾರ್ಣ’ಗಳನ್ನು ನೀವೂ ನೋಡಿರುತ್ತೀರಿ. ಅವು ಹುಟ್ಟುವುದು ಹೀಗೇ.

ಪೂರ್ತಿ ಸರಿಮಾಡಲು ಬರಲಿಲ್ಲವಾದ್ದರಿಂದ ಒಂದು ಉಪಾಯ ಮಾಡಿದ್ದೆವು. ಅರ್ಕಾವತ್ತಿನ ಅನುಮಾನ ಇರುವ ಪದಕ್ಕೆಲ್ಲಾ ಹಳದಿ ಬಣ್ಣ ಬಳಿಯುವುದು. ಯಜಮಾನರು ಹಳದಿ ನೋಡಿ ಕೈಯಲ್ಲೇ ತಿದ್ದಿಕೊಳ್ಳುತ್ತಿದ್ದರು. 218 ಮುಚ್ಚುವ ದಿನ ಹಳದಿ ತೆಗೆಯುವುದೆಂದು ನಮ್ಮ ಒಪ್ಪಂದ.

ಈಗ ವಲಸೆಯ ವಿಷಯ. ನಮ್ಮ ಮ್ಯಾಂಟಿಸ್ ಒಬ್ಬ ಗೆಳೆಯನ ಅಗ್ಗದ ಹೋಸ್ಟಿಂಗಿನಲ್ಲಿತ್ತು. ಖಾತೆ ಇಲ್ಲದವರೂ ಬಗ್ ಹಾಕಲಿ ಎಂದು ಬಾಗಿಲು ತೆರೆದಿಟ್ಟಿದ್ದೆವು. ಅದರಿಂದ ಮೇಷ್ಟ್ರೂ ಬಂದರು, ಸ್ಪ್ಯಾಮೂ ಬಂತು. ಸ್ಪ್ಯಾಮ್ ಬಂದಾಗಲೆಲ್ಲಾ ಅಳಿಸುತ್ತಿದ್ದೆವು. ಕೊನೆಯ ನಂಬರ್ 642, ನಿಜವಾಗಿ ಉಳಿದಿದ್ದ ಬಗ್ 588. ಮಧ್ಯೆ ಮಧ್ಯೆ ತೂತು. ನಮ್ಮ ಕೋಡ್ ಆಗಲೇ ಕೋಡನ್ನೂ ಬಗ್ಗನ್ನೂ ಒಟ್ಟಿಗೆ ಇಡಬಹುದಾದ ಸೈಟಾದ ಗಿಟ್‌ಹಬ್ಬಿನಲ್ಲಿತ್ತು. "ಬಗ್ಗೂ ಅಲ್ಲೇ ಇದ್ದರೆ ಚೆಂದ, ಜನ ಬರುತ್ತಾರೆ" ಎಂದು ನಾನೇ ಹಠ ಹಿಡಿದೆ. ಉಳಿದವರು ಬೇಡ ಎನ್ನಲಿಲ್ಲ. ಯಾರಿಗೂ ಪುರುಸೊತ್ತು ಇರಲಿಲ್ಲ ಎನ್ನುವುದೇ ಸರಿ.

ಆಗ ದಿನಾ ತುಮಕೂರಿನಿಂದ ಯಶವಂತಪುರಕ್ಕೆ ರೈಲಿನಲ್ಲಿ ಓಡಾಡುತ್ತಿದ್ದೆ. ಬಗ್ಗುಗಳನ್ನು ಅಲ್ಲಿಗೆ ಸಾಗಿಸುವ ಸ್ಕ್ರಿಪ್ಟ್ ಬರೆದದ್ದೂ ರೈಲಿನಲ್ಲೇ, ಓಡಿಸಿದ್ದೂ ರೈಲಿನಲ್ಲೇ. ಸೆಪ್ಟೆಂಬರಿನ ಒಂದು ಬೆಳಿಗ್ಗೆ ಕ್ಯಾತ್ಸಂದ್ರ ದಾಟಿದ ಮೇಲೆ ಶುರು ಮಾಡಿದೆ. ನಿಡವಂದದ ಹತ್ತಿರ ನೆಟ್‌ವರ್ಕ್ ಹೋಯಿತು. ಬಂದ ಮೇಲೆ ಮತ್ತೆ ಓಡಿಸಿದೆ. ಸೋಲದೇವನಹಳ್ಳಿ ಬರುವ ಹೊತ್ತಿಗೆ ಮುಗಿಯಿತು. ಗೆದ್ದೆ ಎಂದುಕೊಂಡೆ.

ಏನು ತಪ್ಪಾಯಿತು ಎಂದು ನಿಧಾನವಾಗಿ ಹೇಳುತ್ತೇನೆ. ಬೇಜಾರಾದರೂ ಓದಿ.

ಗಿಟ್‌ಹಬ್ಬಿನಲ್ಲಿ ಇಶ್ಯೂ (ಬಗ್ಗಿಗೆ ಅಲ್ಲಿನ ಹೆಸರು) ಮತ್ತು ಪುಲ್ ರಿಕ್ವೆಸ್ಟ್ (ನನ್ನ ಕೋಡ್ ಸೇರಿಸಿಕೊಳ್ಳಿ ಎಂಬ ಕೋರಿಕೆ) ಎರಡಕ್ಕೂ ಒಂದೇ ನಂಬರ್ ಸಾಲು. ಗಿಟ್‌ಲ್ಯಾಬಿನಲ್ಲಿ ಬೇರೆ ಬೇರೆ. ನಮ್ಮಲ್ಲಿ ಆಗಲೇ 31 ಪುಲ್ ರಿಕ್ವೆಸ್ಟ್ ಆಗಿದ್ದವು. ಹಾಗಾಗಿ ನಮ್ಮ ಮೊದಲ ಬಗ್ಗಿಗೆ ಸಿಕ್ಕಿದ್ದು 32. ಅಲ್ಲಿಂದ ಎಲ್ಲವೂ 31 ಮುಂದಕ್ಕೆ. ಸ್ಪ್ಯಾಮ್ ಅಳಿಸಿದ ತೂತುಗಳನ್ನು ನನ್ನ ಸ್ಕ್ರಿಪ್ಟ್ ಹಾರಿಸಿಕೊಂಡು ಹೋದದ್ದರಿಂದ ಒಂದೊಂದು ತೂತಿಗೆ ಒಂದೊಂದು ಹಿಂದಕ್ಕೆ. 218ರ ಹಿಂದೆ 14 ತೂತಿದ್ದವು. 218ರಲ್ಲಿ 14 ಕಳೆದು 31 ಕೂಡಿಸಿ. 235. ಅರ್ಕಾವತ್ತಿನ ಬಗ್ ಹೊಸ ಮನೆಯಲ್ಲಿ 235 ಆಯಿತು. ಹೊಸ 218 ಎಂದರೆ ಟೂಲ್‌ಬಾರಿನ ಯಾವುದೋ ಐಕಾನ್ ಕಾಣುತ್ತಿಲ್ಲ ಎನ್ನುವ ಹಳೇ ದೂರು.

ನನಗೆ ಇದು ಗೊತ್ತಿತ್ತು. ಗೊತ್ತಿದ್ದೂ "ಹೆಸರು ಹುಡುಕಿದರೆ ಸಿಗುತ್ತಲ್ಲ" ಎಂದು ಬಿಟ್ಟೆ. ಹಳೆ ನಂಬರಿಗೆ ಹೊಸ ನಂಬರ್ ಯಾವುದು ಎಂಬ ಪಟ್ಟಿಯನ್ನೂ ಉಳಿಸಲಿಲ್ಲ. ಸ್ಕ್ರಿಪ್ಟಿನಲ್ಲಿ ಒಂದು ಸಾಲು ಸೇರಿಸಿದ್ದರೆ ಆಗುತ್ತಿತ್ತು.

ಈಗ ಗುಬ್ಬಿಯ ಹುಡುಗ. ‘ರ‍್ಯಾಂಕ್’ ಬರೆಯಲು ಮಧ್ಯೆ ಕಣ್ಣಿಗೆ ಕಾಣದ ಜೋಡಿಸುವ ಅಕ್ಷರ ಬೇಕಲ್ವಾ, ಇಲ್ಲದಿದ್ದರೆ ಅರ್ಕಾವತ್ತಾಗಿ ಹೋಗುತ್ತದೆ. ಅದನ್ನು ನಮ್ಮ ಕನ್ವರ್ಟರ್ ನುಂಗಿಹಾಕುತ್ತಿತ್ತು. ಮ್ಯಾಂಟಿಸ್ಸಿನಲ್ಲಿ ಅದರ ನಂಬರ್ 235. ವಲಸೆಗೆ ಎರಡು ವಾರ ಮೊದಲೇ ಅವನು ಅದನ್ನು ಸರಿಮಾಡಿ, ಕಮಿಟ್ ಮೆಸೇಜಿನಲ್ಲಿ (ಬದಲಾವಣೆಯ ಜೊತೆ ಬರೆಯುವ ಟಿಪ್ಪಣಿ) ‘ಫಿಕ್ಸಸ್ #235’ ಎಂದು ಬರೆದು ತನ್ನ ಬ್ರ್ಯಾಂಚಿನಲ್ಲಿ, ಅಂದರೆ ಕೋಡಿನ ತನ್ನ ಕವಲಿನಲ್ಲಿ, ಇಟ್ಟಿದ್ದ. ವಲಸೆ ಆದ ಮೇಲೆ ನಾನು ಅದನ್ನು ಮರ್ಜ್ ಮಾಡಿದೆ, ಅಂದರೆ ಮುಖ್ಯ ಕೋಡಿಗೆ ಸೇರಿಸಿದೆ. ಹಾಗೆ ಬರೆದ ಕಮಿಟ್ ಮುಖ್ಯ ಬ್ರ್ಯಾಂಚಿಗೆ ಬಂದ ಕೂಡಲೇ ಗಿಟ್‌ಹಬ್ ಆ ನಂಬರಿನ ಇಶ್ಯೂವನ್ನು ತಾನೇ ಮುಚ್ಚುತ್ತದೆ. ಮುಚ್ಚಿತು. ಹೊಸ 235, ಅಂದರೆ ಅರ್ಕಾವತ್ತು.

ಮುಚ್ಚಿದೆ ಎಂದು ಮೇಲ್ ಬಂದಿರಲೇಬೇಕು. ನಾನು ನೋಡಲಿಲ್ಲ. ವಲಸೆಯ ದಿನ ಒಂದೊಂದು ಇಶ್ಯೂಗೂ ಒಂದೊಂದು ಕಾಮೆಂಟಿಗೂ ಮೇಲ್ ಬಂದು ಸಾವಿರಕ್ಕೂ ಜಾಸ್ತಿ ಆಗಿತ್ತು. ರೇಗಿಹೋಗಿ ಅವನ್ನೆಲ್ಲಾ ಒಂದು ಫೋಲ್ಡರಿಗೆ ತಳ್ಳುವ ಫಿಲ್ಟರ್ ಹಾಕಿದ್ದೆ. ಫಿಲ್ಟರ್ ಹಾಗೇ ಉಳಿದುಕೊಂಡಿತ್ತು.

ಅಕ್ಟೋಬರ್ ಮಧ್ಯದಲ್ಲಿ ಬಿಡುಗಡೆ. ತೆರೆದ ಪಟ್ಟಿ ನೋಡಿದೆ, ಅರ್ಕಾವತ್ತು ಇಲ್ಲ. ಪರವಾಗಿಲ್ಲವೇ, ಹುಡುಗ ಮಾಡಿಬಿಟ್ಟಿದ್ದಾನೆ ಎಂದು ಖುಷಿಯಾಗಿ ಒಪ್ಪಂದದಂತೆ ಹಳದಿ ತೆಗೆದೆ.

ಮುಂದಿನದು ನಿಮಗೆ ಹೊಳೆದಿರಬಹುದು. ಯಜಮಾನರು ಒಂದು ಸಂಘದ ಹಳೇ ಆಹ್ವಾನ ಪತ್ರಿಕೆಯ ಫೈಲ್ ತೆಗೆದು ಯುನಿಕೋಡಿಗೆ ತಿರುಗಿಸಿದರು. ತಾರೀಕು, ಅತಿಥಿಗಳ ಹೆಸರು ಬದಲಾಯಿಸಿದರು. ಹಳದಿ ಎಲ್ಲೂ ಇಲ್ಲ. 600 ಪ್ರತಿ ಅಚ್ಚಾಯಿತು. ನೆತ್ತಿಯ ಮೇಲೆ ದಪ್ಪ ಅಕ್ಷರದಲ್ಲಿ ‘ಕನಾರ್ಟಕ ರಾಜ್ಯೋತ್ಸವ’. ಅತಿಥಿಗಳ ಹೆಸರನ್ನು ಮೂರು ಜನ ಮೂರು ಸಲ ಓದಿದ್ದರಂತೆ. ಕರ್ನಾಟಕ ಎಂಬ ಪದವನ್ನು ಯಾರು ಪ್ರೂಫ್ ನೋಡುತ್ತಾರೆ ಹೇಳಿ? ನವೆಂಬರ್ 1ಕ್ಕೆ ಎರಡು ದಿನ ಇರುವಾಗ ಸಂಘದವರ ಮನೆಯ ಒಂದು ಮಗು ಜೋರಾಗಿ ಓದಿದ ಮೇಲೆ ಗೊತ್ತಾಯಿತು.

ಮರುಮುದ್ರಣದ ಖರ್ಚು ಯಜಮಾನರೇ ಹಾಕಿಕೊಂಡರು. ನಾನು ಕೊಡಲು ಹೋದರೆ ತೆಗೆದುಕೊಳ್ಳಲಿಲ್ಲ. ಬೈಯಲೂ ಇಲ್ಲ. "ನಾನು ಇನ್ನೂರ ಹದಿನೆಂಟು ನೋಡಿದೆನಪ್ಪಾ, ಅದೇನೋ ಐಕಾನು ಅಂತ ಬಂತು. ಸರಿಹೋಗಿರಬೇಕು ಅಂದುಕೊಂಡೆ" ಎಂದರು, ಅಷ್ಟೇ. ಪುಸ್ತಕ ತೆಗೆದು ನೋಡಿ, ಗಿಟ್‌ಹಬ್ ತೆರೆದು, ಅಲ್ಲಿಯವರೆಗೆ ಮಾಡಬೇಕಾದ ಎಲ್ಲವನ್ನೂ ಅವರು ಮಾಡಿದ್ದರು.

ಇನ್ನೊಂದು ತಮಾಷೆಯೂ ಆಯಿತು, ಬೇಗ ಹೇಳಿಬಿಡುತ್ತೇನೆ. ಹಳೆ ಕಾಮೆಂಟುಗಳಲ್ಲಿ ‘ಅಟ್’ ಚಿಹ್ನೆ ಹಾಕಿ ಇಂಗ್ಲಿಷಿನಲ್ಲಿ ಮಂಜು, ರವಿ ಎಂದೆಲ್ಲಾ ಬರೆದಿದ್ದೆವು. ಗಿಟ್‌ಹಬ್ಬಿನಲ್ಲಿ ಆ ಹೆಸರಿನ ಖಾತೆ ಪ್ರಪಂಚದ ಯಾವುದೋ ಮೂಲೆಯವರದ್ದು. ಅವರಿಗೆಲ್ಲಾ ನಮ್ಮ ಅರ್ಕಾವತ್ತಿನ ಜಗಳದ ಸುದ್ದಿ ಹೋಯಿತು. ಒಬ್ಬರು "ನಾನು ಏನು ಮಾಡಬೇಕು?" ಎಂದು ಮರ್ಯಾದೆಯಿಂದ ಕೇಳಿದರು. ವಲಸೆಗೆ ಮುಂಚೆ ಅಟ್ ಚಿಹ್ನೆಗಳನ್ನೆಲ್ಲಾ ಕಿತ್ತುಹಾಕಿ.

ಈಗ ನಿಮ್ಮ ಪ್ರಶ್ನೆ. ಯಾವ ಟ್ರ್ಯಾಕರ್ ಎಂಬುದು ನನ್ನ ದೃಷ್ಟಿಯಲ್ಲಿ ಪ್ರಶ್ನೆಯೇ ಅಲ್ಲ. ಫೈರ್‌ಫಾಕ್ಸ್ ಮಾಡುವ ಮೊಜಿಲ್ಲಾದವರು 1998ರಿಂದ ತಮ್ಮದೇ ಟ್ರ್ಯಾಕರಾದ ಬಗ್‌ಜಿಲ್ಲಾದಲ್ಲೇ ಇದ್ದಾರೆ. ಡೆಬಿಯನ್‌ನವರು ಬಗ್ಗನ್ನು ಇಮೇಲಿನಲ್ಲಿ ನಡೆಸುತ್ತಾರೆ. ಜ್ಯಾಂಗೋ ಪ್ರಾಜೆಕ್ಟಿನವರು ಇನ್ನೂ ‘ಟ್ರ್ಯಾಕ್’ ಎಂಬ ಹಳೇ ಟ್ರ್ಯಾಕರ್ ಬಳಸುತ್ತಾರೆ. ಅದರಿಂದ ಯಾರ ಕೆಲಸವೂ ನಿಂತಿಲ್ಲ. ಹೊಸಬರು ಬರುತ್ತಾರೆ ಎನ್ನುವ ಆಸೆಯನ್ನಂತೂ ಬಿಟ್ಟುಬಿಡಿ. ನಮ್ಮಲ್ಲಿ ವಲಸೆಯಾದ ಮೇಲೆ ಮೂರು ವರ್ಷದಲ್ಲಿ ಕೋಡ್ ಕೊಟ್ಟ ಹೊಸಬರು ಇಬ್ಬರು. ಬಗ್ ಹೇಳುವುದನ್ನು ನಿಲ್ಲಿಸಿದವರು ಒಂಬತ್ತು ಮಂದಿ. ಗಿಟ್‌ಹಬ್ಬಿನಲ್ಲಿ ಖಾತೆ ಇಲ್ಲದೆ ಇಶ್ಯೂ ಹಾಕಲು ಆಗುವುದಿಲ್ಲ. ಮಧುಗಿರಿಯ ಮೇಷ್ಟ್ರು ಖಾತೆ ಮಾಡಲು ಎರಡು ಸಲ ನೋಡಿ ಕೈಬಿಟ್ಟರು. ನಿಮ್ಮ 400 ಬಗ್‌ಗಳನ್ನು ಹಾಕಿದವರು ಯಾರು ಎಂದು ಮೊದಲು ಎಣಿಸಿ. ಕೋಡ್ ಬರೆಯುವವರೇ ಹಾಕಿದ್ದರೆ ಎಲ್ಲಿಗೆ ಬೇಕಾದರೂ ಹೋಗಿ. ಮೇಷ್ಟ್ರುಗಳು ಹಾಕಿದ್ದರೆ ಇದ್ದಲ್ಲೇ ಇರಿ, ಹೋಸ್ಟಿಂಗಿಗೆ ನಾಲ್ಕು ಕಾಸು ಜಾಸ್ತಿ ಕೊಡಿ.

ಹಾಗೂ ಹೋಗಲೇಬೇಕು ಎಂದರೆ ನಂಬರ್ ನೋಡಿಕೊಳ್ಳಿ. ದೊಡ್ಡವರು ಹೇಗೆ ಮಾಡಿದರು ಎಂದು ನಾನು ಕೆಟ್ಟ ಮೇಲೆ ಓದಿದೆ. ವಿಕಿಪೀಡಿಯ ನಡೆಸುವ ವಿಕಿಮೀಡಿಯಾದವರು 2014ರಲ್ಲಿ ಬಗ್‌ಜಿಲ್ಲಾದಿಂದ ಫ್ಯಾಬ್ರಿಕೇಟರ್ ಎಂಬ ಟ್ರ್ಯಾಕರಿಗೆ ಹೋದಾಗ ಹಳೆ ನಂಬರಿಗೆ 2000 ಕೂಡಿಸಿದರು. 218 ಇದ್ದದ್ದು 2218. ಬಾಯಿಲೆಕ್ಕ! ನೋಟ್ ಪುಸ್ತಕ ಇಟ್ಟವರೂ ಮಾಡಬಹುದು. ಪೈಥಾನ್‌ನವರು 2022ರ ಏಪ್ರಿಲಿನಲ್ಲಿ ಗಿಟ್‌ಹಬ್ಬಿಗೆ ಬಂದರು. ಅವರ ಹಳೆ ನಂಬರುಗಳ ಶುರುವಿಗೆ ‘ಬಿಪಿಒ’ (ಹಳೆ ಸೈಟಿನ ಹೆಸರಿನ ಚುಟುಕು) ಎಂದು ಸೇರಿಸುವ ರೂಢಿ ಮೊದಲೇ ಇತ್ತು, ಹೊಸದರ ಜೊತೆ ಕಲೆಯಲಿಲ್ಲ. ಹಳೆ ಸೈಟನ್ನು ಓದಲಷ್ಟೇ ಬರುವ ಹಾಗೆ ಉಳಿಸಿದರು.

ನೀವು ನಾಲ್ಕು ಜನ ಮಾಡಬಹುದಾದದ್ದು: ಇಶ್ಯೂಗೆಂದೇ ಗಿಟ್‌ಹಬ್ಬಿನಲ್ಲಿ ಒಂದು ಖಾಲಿ ರೆಪೊ (ಒಂದು ಪ್ರಾಜೆಕ್ಟಿನ ಜಾಗ) ತೆರೆಯಿರಿ, ಅಲ್ಲಿ ನಂಬರ್ 1ರಿಂದ ಶುರುವಾಗುತ್ತದೆ. ಬಗ್‌ಗಳನ್ನು ಒಂದರ ಹಿಂದೆ ಒಂದರಂತೆ ಹಾಕಿ. ಅಳಿಸಿದ ಬಗ್ ಇದ್ದ ಜಾಗದಲ್ಲಿ ‘ಖಾಲಿ’ ಎಂದು ಒಂದು ಇಶ್ಯೂ ಹಾಕಿ ಮುಚ್ಚಿ. ತೂತು ತುಂಬಲೇಬೇಕು. ಆ ರೆಪೊದಲ್ಲಿ ಅಷ್ಟರವರೆಗೆ ಯಾರೂ ಪುಲ್ ರಿಕ್ವೆಸ್ಟ್ ಹಾಕದಂತೆ ನೋಡಿಕೊಳ್ಳಿ. ಒಮ್ಮೆ ಬಳಸಿದ ನಂಬರ್ ಇಶ್ಯೂ ಅಳಿಸಿದರೂ ವಾಪಸ್ ಸಿಗುವುದಿಲ್ಲ. ತಪ್ಪಿದರೆ ರೆಪೊ ಎಸೆದು ಮತ್ತೆ ಮೊದಲಿನಿಂದ. ಅದಕ್ಕೇ ಮೊದಲು ಒಂದು ಸುಳ್ಳು ರೆಪೊದಲ್ಲಿ ಓಡಿಸಿ ನೋಡಿ. ತೆರೆದಿರುವ ಬ್ರ್ಯಾಂಚುಗಳನ್ನೆಲ್ಲಾ ವಲಸೆಗೆ ಮುಂಚೆ ಮರ್ಜ್ ಮಾಡಿ ಮುಗಿಸಿ. ರೈಲಿನಲ್ಲಿ ಮಾಡಬೇಡಿ.

ನಮ್ಮ ಅರ್ಕಾವತ್ತು ಆ ವಾರವೇ ಸರಿಹೋಯಿತು. ನಾಚಿಕೆಗೆ ಮೂರು ರಾತ್ರಿ ಕೂತು ಮಾಡಿದೆ. ಯಜಮಾನರು ಈಗಲೂ ಸಿಕ್ಕಾಗ ಟೀ ಕೊಡಿಸುತ್ತಾರೆ. ನೋಟ್ ಪುಸ್ತಕ ಅದೇ ಮೇಜಿನ ಮೇಲೆ ಇದೆ, ಅದರಲ್ಲಿ ಹಾಲಿನ ಲೆಕ್ಕ ಬರೆಯುತ್ತಿದ್ದಾರೆ.

ನಿಮ್ಮ ಮ್ಯಾಂಟಿಸ್ಸಿನ ಕೊನೆಯ ನಂಬರ್ ಎಷ್ಟು, ಅದರಲ್ಲಿ ಅಳಿಸಿದ್ದು ಎಷ್ಟು, ಕೋಡಿನ ರೆಪೊದಲ್ಲಿ ಪುಲ್ ರಿಕ್ವೆಸ್ಟ್ ಎಷ್ಟಾಗಿವೆ. ಈ ಮೂರು ಸಂಖ್ಯೆ ಕೆಳಗೆ ಹಾಕಿ, ಸ್ಕ್ರಿಪ್ಟ್ ನಾನು ನೋಡಿಕೊಡುತ್ತೇನೆ.