ಒಂದೇ ಊರಿನವರು ವಿಧಾನಸಭೆಗೆ ಒಂದು ಪಕ್ಷ, ಲೋಕಸಭೆಗೆ ಇನ್ನೊಂದು ಪಕ್ಷಕ್ಕೆ ಓಟು ಹಾಕುವುದು ಯಾಕೆ?

ನಮ್ಮ ಸಿರಸಿಯನ್ನೇ ನೋಡಿ. 2008ರಿಂದ ಮೂರು ಸಲ ಬಿಜೆಪಿಯ ವಿಶ್ವೇಶ್ವರ ಹೆಗಡೆ ಕಾಗೇರಿಯವರನ್ನು ಗೆಲ್ಲಿಸಿದ ಕ್ಷೇತ್ರ ಇದು. 2023ರಲ್ಲಿ ಕಾಂಗ್ರೆಸ್ಸಿನ ಭೀಮಣ್ಣ ನಾಯ್ಕರನ್ನು ಆರಿಸಿತು. ಮರುವರ್ಷವೇ ಕಾಗೇರಿಯವರು 3 ಲಕ್ಷಕ್ಕೂ ಜಾಸ್ತಿ ಅಂತರದಲ್ಲಿ ಉತ್ತರ ಕನ್ನಡದ ಸಂಸದರಾದರು. ಜನ ವರ್ಷದೊಳಗೆ ಮನಸ್ಸು ಬದಲಾಯಿಸಿದರು ಅಂತ ನನಗನ್ನಿಸುವುದಿಲ್ಲ. ಎರಡು ಸಲವೂ ಅವರ ಮುಂದಿದ್ದ ಪ್ರಶ್ನೆಯೇ ಬೇರೆ.

ಲೋಕಸಭೆ ಬಂದಾಗ ಮಾತೆಲ್ಲ ದಿಲ್ಲಿಯದು, ಪ್ರಧಾನಿ ಯಾರಾಗಬೇಕು ಅನ್ನುವುದು. ಅಭ್ಯರ್ಥಿಯ ಮುಖ ಕಾಣದಿದ್ದರೂ ನಡೆಯುತ್ತದೆ. ವಿಧಾನಸಭೆಗೆ ಹಾಗಲ್ಲ. ಮಳೆಗಾಲದಲ್ಲಿ ಕಾಲುಸಂಕ ಕೊಚ್ಚಿಹೋದರೆ ಯಾರು ಫೋನ್ ಎತ್ತುತ್ತಾರೆ? ಅತಿಕ್ರಮಣ ಜಮೀನಿನ ಅರ್ಜಿ ಯಾರು ನೋಡುತ್ತಾರೆ? ಜಾತಿಯೂ ಲೆಕ್ಕಕ್ಕೆ ಬರುತ್ತದೆ, ಇಲ್ಲ ಅಂದರೆ ಸುಳ್ಳಾಗುತ್ತದೆ. ಆದರೆ 'ಹವ್ಯಕರೆಲ್ಲ ಇತ್ತ, ನಾಮಧಾರಿಗಳೆಲ್ಲ ಅತ್ತ' ಅನ್ನುವುದು ಸುಮ್ನೆ ಪೇಟೆಯಲ್ಲಿ ಕೂತು ಹಾಕುವ ಲೆಕ್ಕ. ನಮ್ಮ ಮನೆಯಲ್ಲೇ ಅಪ್ಪಂದು ಒಂದು ಓಟು, ಆಯಿದು ಇನ್ನೊಂದು. ಗ್ಯಾರಂಟಿ ದುಡ್ಡು ಬರುವುದು ಆಯಿಯ ಖಾತೆಗೆ, ಅಲ್ವಾ!

ಇನ್ನು ಗ್ರಾಮ ಪಂಚಾಯ್ತಿಗೆ ಪಕ್ಷದ ಚಿಹ್ನೆಯೇ ಇಲ್ಲ. ಯಾರ ಬೆಂಬಲಿಗ ಅಂತ ಎಲ್ಲರಿಗೂ ಗೊತ್ತಿರುತ್ತದೆ, ಅದು ಬೇರೆ ಮಾತು. ಅಲ್ಲಿ ಗೆಲ್ಲುವವನು ಅಡಿಕೆ ಕೊನೆಕೊಯ್ಲಿಗೆ ಆಳು ಹೊಂದಿಸಿಕೊಟ್ಟವನು, ರಾತ್ರಿ ಆಸ್ಪತ್ರೆಗೆ ಜೀಪು ತಂದವನು. ನಿಮ್ಮ ಊರಿನ ಒಲವು ತಿಳಿಯಬೇಕಿದ್ದರೆ ಚುನಾವಣಾ ಆಯೋಗದ ಫಾರ್ಮ್ 20 ನೋಡಿ, ಮತಗಟ್ಟೆವಾರು ಲೆಕ್ಕ ಅದರಲ್ಲಿರುತ್ತದೆ.